ಹೋಗುವವರ ಕಡುಬು

ಮಧ್ಯಾಹ್ನ ಬೋವೆನ್ ಕಳಿಸಿದ ಮೆಸೇಜು ಇಷ್ಟೇ: ‘ಸಂಜೆ ದೊಡ್ಡಮ್ಮನ ಅಂಗಡಿಗೆ ಬಾ. ಇವತ್ತು ಕಡುಬು ತಿನ್ನೋಣ. ಮಾತಾಡಬೇಕು.’

ಓದಿದೆ. ಮತ್ತೆ ಓದಿದೆ. ಅಷ್ಟರಲ್ಲಿ ನನ್ನ ಕೈಯ ಕತ್ತರಿ ಯಾರದೋ ಮಲಗುವ ಕೋಣೆಯ ಪರದೆಯನ್ನು ಅಡ್ಡಾದಿಡ್ಡಿ ಕತ್ತರಿಸಿಬಿಟ್ಟಿತ್ತು.

ಬೇರೆ ಊರಿನವರಿಗೆ ಇದರಲ್ಲೇನಿದೆ ಅನ್ನಿಸಬಹುದು. ನಾನು ಶೆನ್ಯಾಂಗ್‌ನವಳು, ಚೀನಾದ ಉತ್ತರದವಳು. ನಮ್ಮ ಕಡೆ ಗಾಡಿ ಹತ್ತುವವರಿಗೆ ಕಡುಬು, ಗಾಡಿ ಇಳಿದವರಿಗೆ ನೂಡಲ್ಸ್. ಹೊರಟವರಿಗೆ ಕಡುಬು ತಿನ್ನಿಸಿ ಕಳಿಸುತ್ತೇವೆ. ಬಂದವರಿಗೆ ಬಿಸಿ ನೂಡಲ್ಸ್ ಬಡಿಸಿ ಮನೆಗೆ ಸೇರಿಸಿಕೊಳ್ಳುತ್ತೇವೆ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತಿದು.

ಬೋವೆನ್ ದಕ್ಷಿಣದವನು. ಯಾಂಗ್‌ಝೌ ಅವನ ಊರು. ಫ್ರೈಡ್ ರೈಸ್ ಹುಟ್ಟಿದ್ದೇ ತಮ್ಮೂರಲ್ಲಿ ಎಂದು ಇಲ್ಲದ ಮೀಸೆ ತಿರುವುವವನು. ನಾವಿಬ್ಬರೂ ಜೊತೆಯಲ್ಲಿ ಊಟ ಮಾಡಲು ಶುರುಮಾಡಿ ಒಂದು ವರ್ಷವಾಗುತ್ತ ಬಂದಿತ್ತು. ಒಂದು ದಿನವೂ ಅವನು ಕಡುಬು ತಿನ್ನೋಣ ಅಂದಿದ್ದಿಲ್ಲ. ಅಂಥವನು ಇವತ್ತು ಕಡುಬು ಅನ್ನುತ್ತಾನೆ, ಮಾತಾಡಬೇಕು ಅನ್ನುತ್ತಾನೆ. ಹೊಸ ಕಟ್ಟಡಗಳಿಗೆ ಲಿಫ್ಟ್ ಕೂರಿಸುವುದು ಅವನ ಕೆಲಸ. ನಮ್ಮ ಬೀದಿಯ ಕೊನೆಯಲ್ಲಿ ಎದ್ದ ಕಟ್ಟಡದ ಕೊನೆಯ ಲಿಫ್ಟ್ ಹೋದ ವಾರ ಓಡಾಡತೊಡಗಿತ್ತು. ಲಿಫ್ಟ್ ಓಡತೊಡಗಿದರೆ ಲಿಫ್ಟಿನವನೂ ಓಡಲೇಬೇಕು, ಮುಂದಿನ ಊರಿಗೆ. ಈಚೆಗೆ ಭಾನುವಾರಗಳಂದು ಅವನು ನನ್ನ ಕೈಗೆ ಸಿಗುತ್ತಲೂ ಇರಲಿಲ್ಲ. ಎಲ್ಲಿಗೆ ಹೋಗ್ತೀಯ ಎಂದರೆ ‘ಕೆಲಸ ಇದೆ’ ಎನ್ನುತ್ತ ಕಣ್ಣು ತಪ್ಪಿಸುತ್ತಿದ್ದ.

ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲ, ಕಡುಬಿನ ಕೈಲಿ ಹೇಳಿಸುತ್ತಿದ್ದಾನೆ. ನಮ್ಮ ಪದ್ಧತಿಯನ್ನು ಯಾರಿಂದಲೋ ಕಲಿತುಕೊಂಡು, ಅದೇ ಚಾಕುವಿನಿಂದ ನನ್ನನ್ನು ಕುಯ್ಯುತ್ತಿದ್ದಾನೆ. ಹಾಗೆಂದುಕೊಂಡೇ ನಾನು ಕೋಟು ಹಾಕಿಕೊಂಡೆ.

ನನಗೆ ಕಡುಬು ಎಂದರೆ ಆಗದು. ಅಪ್ಪನ ಕಾರ್ಖಾನೆ ಮುಚ್ಚಿದ ವರ್ಷ, ಒಂದು ಬೆಳಿಗ್ಗೆ ಅಮ್ಮ ಒಂದೇ ಒಂದು ತಟ್ಟೆ ಕಡುಬು ಮಾಡಿದ್ದಳು. ನಾನು ಆಸೆಯಿಂದ ಕೈ ಚಾಚಿದೆ. ‘ಅದು ಹೋಗೋರ ಪಾಲು ಕಣೇ’ ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಳು. ಅಪ್ಪ ತಿಂದ, ಬಾಯಿ ಒರೆಸಿಕೊಂಡ, ಕೆಲಸ ಹುಡುಕಿಕೊಂಡು ದಕ್ಷಿಣಕ್ಕೆ ಹೋದ. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ ಎಂದು ಯಾರೋ ಸುದ್ದಿ ತಂದರು. ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಆ ಸುದ್ದಿ ಬರುವವರೆಗೂ ಪ್ರತಿ ಹಬ್ಬಕ್ಕೆ ಮುಂಚೆ ನೂಡಲ್ಸ್‌ಗೆಂದು ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿ ಇಡುತ್ತಿದ್ದಳು. ಹಬ್ಬ ಕಳೆದ ಮೇಲೆ ಅದೇ ಹಿಟ್ಟಿನಲ್ಲಿ ರೊಟ್ಟಿ ಮಾಡುತ್ತಿದ್ದಳು. ಸುದ್ದಿ ಬಂದ ಮೇಲೆ ನೂಡಲ್ಸೂ ಇಲ್ಲ, ಕಡುಬೂ ಇಲ್ಲ. ಹೊಸ ವರ್ಷದ ಹಬ್ಬದಂದು ಇಡೀ ಊರು ಕಡುಬು ತಿನ್ನುವಾಗ ನಾವು ಅನ್ನ ತಿನ್ನುತ್ತಿದ್ದೆವು.

ಈ ಕಥೆ ನಾನು ಬೋವೆನ್‌ಗೆ ಹೇಳಿರಲಿಲ್ಲ.

ದೊಡ್ಡಮ್ಮ ಎಂದರೆ ನನ್ನ ಸ್ವಂತ ದೊಡ್ಡಮ್ಮನಲ್ಲ. ನನ್ನ ಪರದೆ ಅಂಗಡಿಯ ಎದುರಿಗಿರುವ ಕಡುಬಿನ ಅಂಗಡಿಯವಳು, ಬೀದಿಗೆಲ್ಲ ದೊಡ್ಡಮ್ಮ. ಅಲ್ಲಿ ಸಿಗುವುದು ಎರಡೇ: ಕಡುಬು, ಫ್ರೈಡ್ ರೈಸ್. ಎರಡೂ ಬಿಸಿ, ಎರಡೂ ಅಗ್ಗ. ಮಧ್ಯಾಹ್ನ ಹನ್ನೆರಡಾದರೆ ಒಂದು ಟೇಬಲ್ಲಿನಲ್ಲಿ ಗುರುತಿಲ್ಲದ ನಾಲ್ಕು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಣ್ಣಬೇಕು. ಹಾಗೆ ಒಂದು ದಿನ ನನ್ನೆದುರು ಬಂದು ಕೂತವನು ಅವನು. ಅವನ ಮುಂದೆ ಫ್ರೈಡ್ ರೈಸ್, ನನ್ನ ಮುಂದೆಯೂ ಫ್ರೈಡ್ ರೈಸ್.

“ನೀವೂ ದಕ್ಷಿಣದವರಾ?” ಅಂದ.

“ಯಾಕೆ, ಮುಖದ ಮೇಲೆ ಬರೆದಿದೆಯಾ?”

“ಇಲ್ಲ. ಈಗ ದನಿ ಕೇಳಿದ ಮೇಲೆ ಅಲ್ಲ ಅಂತ ಗೊತ್ತಾಯ್ತು.” ಅವನ ತುಟಿಯ ಒಂದು ಕೊನೆ ಮಾತ್ರ ಮೇಲೆದ್ದಿತು. “ಕಡುಬಿನ ಅಂಗಡೀಲಿ ಕೂತು ಅನ್ನ ತಿನ್ನೋ ಶೆನ್ಯಾಂಗಿನೋರನ್ನ ಇದೇ ಮೊದಲು ನೋಡಿದ್ದು.”

“ನಿಮ್ಮ ತಟ್ಟೆ ನೋಡ್ಕೊಂಡು ತಿನ್ನಿ.”

ಅವನು ತಟ್ಟೆ ನೋಡಿಕೊಂಡೇ ತಿಂದ. ಆದರೆ ನನ್ನ ತಟ್ಟೆಯ ಅಂಚಿಗೆ ನಾನು ತಳ್ಳಿದ್ದ ಬಟಾಣಿಗಳ ಮೇಲೂ ಒಂದು ಕಣ್ಣಿಟ್ಟಿದ್ದ. ಎದ್ದು ಹೋಗುವಾಗ, “ನಾಳೆ ಬಟಾಣಿ ನನಗೆ ಹಾಕಿ. ಬದಲಿಗೆ ನನ್ನ ಮೊಟ್ಟೆ ಚೂರು ತಗೊಳ್ಳಿ” ಅಂದ. ಮಾರನೆಯ ದಿನ ಹಾಗೇ ಆಯಿತು, ಅದರ ಮಾರನೆಯ ದಿನವೂ. ಕೋಪ ಮೂಗಿನ ತುದಿಯಲ್ಲೇ ಇರುವ ನಾನು ಬಟಾಣಿ ಕೊಟ್ಟು ಕೊಟ್ಟು ಮನಸ್ಸೂ ಕೊಟ್ಟುಬಿಟ್ಟೆ. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ, ನಾನಂತೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಂಜೆ ಬೀದಿಯಲ್ಲಿ ಮೂಗು ಉದುರುವಷ್ಟು ಚಳಿ. ದೊಡ್ಡಮ್ಮನ ಅಂಗಡಿಯ ಬಾಗಿಲಿಗೆ ತೂಗುಹಾಕಿದ ದಪ್ಪ ಹತ್ತಿಯ ಪರದೆ ನಾನೇ ಹೊಲಿದದ್ದು. ಅದನ್ನು ಸರಿಸಿ ಒಳಗೆ ಹೋಗಲು ನನಗೆ ಆವತ್ತು ಎರಡು ಕೈ ಬೇಕಾಯಿತು.

ಒಳಗೆ ಹಬೆ, ಬೆಳ್ಳುಳ್ಳಿ ವಾಸನೆ, ಗದ್ದಲ. ದೊಡ್ಡಮ್ಮ ಯಾವಾಗಲೂ ನನ್ನನ್ನು ಕಂಡರೆ ಕೂಗಿ ಕರೆಯುವವಳು. ಆವತ್ತು ಹತ್ತಿರ ಬಂದು ನನ್ನ ಕೈಯನ್ನು ತನ್ನ ಒದ್ದೆ ಕೈಯಲ್ಲಿ ಹಿಡಿದುಕೊಂಡಳು.

“ಅಲ್ಲಿ ಮೂಲೇಲಿ ಕೂತಿದಾನೆ. ಗಟ್ಟಿಯಾಗಿರು ಮಗಳೇ,” ಅಂದಳು.

ಎದೆಯಲ್ಲಿ ಉಳಿದಿದ್ದ ಸ್ವಲ್ಪ ಅನುಮಾನವೂ ಹೋಯಿತು. ದೊಡ್ಡಮ್ಮನಿಗೂ ಗೊತ್ತಿದೆ. ಇಡೀ ಬೀದಿಗೆ ಗೊತ್ತಾದ ಮೇಲೆ ನನಗೆ ಹೇಳಲು ಕರೆಸಿದ್ದಾನೆ.

ಬೋವೆನ್ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದ. ತಲೆ ನೀಟಾಗಿ ಬಾಚಿದ್ದ. ಹೋದ ಚಳಿಗಾಲದಲ್ಲಿ ನಾನು ಆರಿಸಿಕೊಟ್ಟ ನೀಲಿ ಸ್ವೆಟರ್ ಹಾಕಿದ್ದ. ಕಿವಿಯ ಹಿಂದೆ ಬಿಳಿ ಪುಡಿ ಅಂಟಿತ್ತು, ಕಟ್ಟಡದ ಧೂಳು. ಬೇರೆ ದಿನವಾಗಿದ್ದರೆ ಬೆರಳಿನಿಂದ ಒರೆಸುತ್ತಿದ್ದೆ. ಕುರ್ಚಿಯ ಕೆಳಗೆ ಬಟ್ಟೆ ತುಂಬಿ ಉಬ್ಬಿದ ಬ್ಯಾಗು.

ಅದೇ ಟೇಬಲ್ಲಿನಲ್ಲಿ ಒಬ್ಬ ತಾತ ಬೆಳ್ಳುಳ್ಳಿ ಎಸಳು ಕಚ್ಚುತ್ತ ಕಡುಬು ತಿನ್ನುತ್ತಿದ್ದ. ಇಂಥ ಇಕ್ಕಟ್ಟಿನ ಅಂಗಡಿಯಲ್ಲಿ ಯಾರ ಎದೆ ಒಡೆಯುವುದಿದ್ದರೂ ಪಕ್ಕದಲ್ಲಿ ಒಬ್ಬ ತಾತ ಇದ್ದೇ ಇರುತ್ತಾನೆ.

“ಬಂದ್ಯಾ?” ಬೋವೆನ್ ಎದ್ದು ನಿಂತ. “ಚಳಿ ಆಗ್ತಿದೆಯಾ? ಮುಖ ಕೆಂಪಾಗಿದೆ.”

“ಚಳಿಗಲ್ಲ.” ತಾತನನ್ನು ದಾಟಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತೆ.

“ಮತ್ತೆ?”

“ಏನೋ ಮಾತಾಡ್ಬೇಕು ಅಂದ್ಯಲ್ಲ. ಮಾತಾಡು.”

ಅವನು ಗಂಟಲು ಸರಿಮಾಡಿಕೊಂಡ. ನನ್ನನ್ನು ನೋಡಿದ, ತಾತನನ್ನು ನೋಡಿದ, ವಿನೆಗರ್ ಬಾಟಲಿಯನ್ನು ಎತ್ತಿ ಅತ್ತ ಇಟ್ಟ, ಮತ್ತೆ ಇತ್ತ ಇಟ್ಟ. “ಮೊದಲು ತಿನ್ನೋಣ. ತಿಂದ್ಮೇಲೆ ಹೇಳ್ತೀನಿ.”

“ನನಗೆ ಫ್ರೈಡ್ ರೈಸ್ ಸಾಕು.”

“ಇವತ್ತು ಬೇಡ ಯಾನ್. ಇವತ್ತೊಂದು ದಿನ ಕಡುಬು ತಿನ್ನು. ನನಗೋಸ್ಕರ.”

ಯಾನ್ ನನ್ನ ಹೆಸರು. ಅವನ ಬಾಯಲ್ಲಿ ಅದು ಯಾವಾಗಲೂ ಸ್ವಲ್ಪ ಉದ್ದವಾಗುತ್ತಿತ್ತು, ಬಿಡಲು ಮನಸ್ಸಿಲ್ಲದ ಹಾಗೆ. ಆವತ್ತೂ ಹಾಗೇ ಕರೆದ. ಬಿಟ್ಟು ಹೋಗುವವನು ಹೀಗೆ ಕರೆಯಬಾರದು ಎಂದು ನನಗೆ ಸಿಟ್ಟು ಬಂತು.

ದೊಡ್ಡಮ್ಮ ಎರಡು ತಟ್ಟೆ ತಂದು ಟೇಬಲ್ಲಿನ ಮೇಲಿಟ್ಟಳು. ನನ್ನ ತಟ್ಟೆ ಮೆಲ್ಲಗೆ, ಅವನ ತಟ್ಟೆ ಜೋರಾಗಿ. ಕಡುಬುಗಳನ್ನು ನೋಡಿದೆ. ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ಬಾಯಿ ಬಿಟ್ಟಿವೆ, ಕೆಲವು ಮಗ್ಗುಲಾಗಿ ಬಿದ್ದಿವೆ, ಒಂದು ಎರಡು ಹೋಳಾಗಿ ಹುಳಿ ಎಲೆಕೋಸು ಹೊರಗೆ ಬಂದಿದೆ. ದೊಡ್ಡಮ್ಮನ ಕೈಯಿಂದ ಇಂಥ ಕಡುಬು ಬಂದದ್ದನ್ನು ನಾನು ಕಂಡಿರಲಿಲ್ಲ. ಅವಳಿಗೂ ನನ್ನಷ್ಟೇ ಸಿಟ್ಟು ಬಂದಿರಬೇಕು ಅಂದುಕೊಂಡೆ.

ತಾತ ಕತ್ತು ಚಾಚಿ ನೋಡಿದ. “ಏನಮ್ಮಾ ಇವತ್ತು, ಕಡುಬೆಲ್ಲ ಯಾರ ಹತ್ರನೋ ಏಟು ತಿಂದಂಗಿವೆ?”

ಬೋವೆನ್‌ನ ಕಿವಿ ಕೆಂಪಾಯಿತು.

ಆಮೇಲೆ ತಾತನ ಕಣ್ಣು ಕುರ್ಚಿಯ ಕೆಳಗಿನ ಬ್ಯಾಗಿನ ಮೇಲೆ ಬಿತ್ತು. “ಓಹೋ. ಪ್ರಯಾಣಾನಾ ಮಗಾ? ಎಲ್ಲಿಗೆ?”

“ಯಾಂಗ್‌ಝೌ. ನಾಳೆ ಬೆಳಿಗ್ಗೆ ಟ್ರೈನು,” ಅಂದ ಬೋವೆನ್.

ನಾನು ಕೇಳಿಸಿಕೊಂಡೆ. ವರ್ಷವಿಡೀ ಬಟಾಣಿ ಕೊಟ್ಟವಳಿಗೆ ಹೇಳದ್ದನ್ನು ಬೆಳ್ಳುಳ್ಳಿ ತಿನ್ನುವ ತಾತನಿಗೆ ಹೇಳುತ್ತಿದ್ದಾನೆ.

“ವಾಪಸ್ ಬರೋದು ಯಾವಾಗ?” ತಾತ ಬಿಡಲಿಲ್ಲ.

ಬೋವೆನ್ ನನ್ನ ಕಡೆ ನೋಡಿದ. ಆ ನೋಟದಲ್ಲಿ ಹೆದರಿಕೆ ಇತ್ತು. “ಅದು... ಯಾನ್ ಏನ್ ಹೇಳ್ತಾಳೆ ಅನ್ನೋದರ ಮೇಲೆ.”

ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಹೋಗುವವನು ಅವನು, ಹೊಣೆ ನನ್ನ ತಲೆಗೆ. ನಾನು ತಟ್ಟೆಯನ್ನು ಅವನ ಕಡೆ ತಳ್ಳಿ ಎದ್ದು ನಿಂತೆ.

“ನಾನೇನೂ ಹೇಳಲ್ಲ. ಹೋಗ್ಬೇಡ ಅಂತ ಕಾಲು ಹಿಡೀತೀನಿ ಅಂದ್ಕೊಂಡ್ಯಾ? ನೀನು ಬಿಡೋಕೆ ಮುಂಚೆ ನಾನೇ ಬಿಟ್ಟೆ, ಹೋಗು. ಆದ್ರೆ ಕಡುಬು ತಿನ್ನಿಸಿ ಕಳಿಸು ಅಂತ ಮಾತ್ರ ನನ್ನ ಕೇಳ್ಬೇಡ. ನಮ್ಮಮ್ಮ ನಮ್ಮಪ್ಪಂಗೆ ಹಿಂಗೇ ತಟ್ಟೆ ಇಟ್ಟು ಕಳಿಸಿದ್ಲು. ತಿಂದು ಹೋದೋನು ಇವತ್ತಿಗೂ ಬಂದಿಲ್ಲ. ಹೋಗೋರ ಪಾಲು ಅಂದ್ರೆ ನಂಗೆ ಏನು ಅಂತ ನಿಂಗೇನ್ ಗೊತ್ತು?”

ಮಾತು ಮುಗಿಯುವಷ್ಟರಲ್ಲಿ ನನ್ನ ದನಿ ಒಡೆದಿತ್ತು. ಅಕ್ಕಪಕ್ಕದ ಟೇಬಲ್ಲುಗಳಲ್ಲಿ ಚಾಪ್‌ಸ್ಟಿಕ್ಕುಗಳು ನಿಂತವು. ಹೊರಗೆ ಹೋಗಿಬಿಡಬೇಕು ಅಂದುಕೊಂಡೆ. ಹೋಗಬೇಕೆಂದರೆ ತಾತ ಎದ್ದು ಜಾಗ ಬಿಡಬೇಕಿತ್ತು, ತಾತ ಏಳಲಿಲ್ಲ.

ಬೋವೆನ್‌ನ ಮುಖ ಬಿಳಿಚಿಕೊಂಡಿತ್ತು. “ಯಾನ್, ಹೋಗೋರ ಪಾಲು ಅಂದ್ರೆ ಏನು?”

ನಾನು ಅವನನ್ನೇ ನೋಡಿದೆ. ಸುಳ್ಳು ಹೇಳಲು ಬಾರದ ಮುಖ ಅದು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಉತ್ತರ ಕೊಟ್ಟದ್ದು ತಾತ. “ಅಯ್ಯೋ ದಡ್ಡ. ಹತ್ತೋರಿಗೆ ಕಡುಬು, ಇಳಿಯೋರಿಗೆ ನೂಡಲ್ಸ್. ಹುಡುಗೀನ ಕಡುಬಿಗೆ ಕರೆದು, ಬ್ಯಾಗೂ ಪಕ್ಕದಲ್ಲಿಟ್ಕೊಂಡ್ರೆ ಅವಳು ಇನ್ನೇನ್ ತಿಳ್ಕೋಬೇಕು? ಬಿಟ್ ಹೋಗ್ತಿದೀನಿ ಅಂತ ಡಂಗುರ ಹೊಡೆದಂಗೆ.”

“ನಂಗೆ ಯಾರೂ ಹೇಳ್ಲಿಲ್ಲ.” ಬೋವೆನ್ ದೊಡ್ಡಮ್ಮನ ಕಡೆ ತಿರುಗಿದ. “ದೊಡ್ಡಮ್ಮಾ, ನೀವೂ ಹೇಳ್ಲಿಲ್ಲ. ಇಷ್ಟು ಭಾನುವಾರ ನಿಮ್ಮ ಪಕ್ಕದಲ್ಲೇ ನಿಂತಿದ್ದೆ.”

ದೊಡ್ಡಮ್ಮ ಜಾಲರಿ ಸೌಟು ಹಿಡಿದುಕೊಂಡೇ ಬಂದಳು. “ನಿಂಗೆ ಗೊತ್ತಿದೆ ಅಂದ್ಕೊಂಡೆ ಕಣೋ. ಯಾನ್‌ಗೆ ತಿನ್ನಿಸ್ಬೇಕು, ಕಡುಬು ಕಲಿಸಿ ಅಂತ ಬಂದೆ. ಕಟ್ಟಡದ ಕೆಲಸ ಮುಗೀತು ಅಂದೆ. ಬಿಟ್ಟು ಹೋಗೋ ಹುಡುಗೀಗೆ ತನ್ನ ಕೈಯಾರೆ ಕಡುಬು ಮಾಡ್ತಾನಂತೆ, ಇವನೆಂಥ ಕಟುಕ ಅಂತ ನಂಗೆ ಎಷ್ಟು ದಿನದಿಂದ ಉರೀತಿದೆ ಗೊತ್ತಾ?”

“ಅದಕ್ಕೇನಾ ಲಟ್ಟಣಿಗೇಲಿ ಕೈಗೆ ಹೊಡೀತಿದ್ರಿ?”

“ಮತ್ತೇನು, ಮುದ್ದಿಗಾ?”

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಅವನ ಕಿವಿಯ ಹಿಂದಿನ ಬಿಳಿ ಪುಡಿಯನ್ನು ನೋಡುತ್ತಿದ್ದೆ. ಅದು ಹಿಟ್ಟು. ಏಟು ತಿಂದ ಹಾಗಿದ್ದ ಆ ಕಡುಬುಗಳನ್ನು ಇವನೇ ಮಾಡಿದ್ದ.

“ಯಾಕೆ?” ಅಂದೆ.

“ನೀನು ಯಾವತ್ತೂ ಕಡುಬು ತಗೊಳ್ತಿರಲಿಲ್ಲ. ಆದ್ರೆ ಪಕ್ಕದೋರ ತಟ್ಟೆ ಬಂದಾಗೆಲ್ಲ ಹಬೆ ಕಡೆ ಮುಖ ತಿರುಗಿಸ್ತಿದ್ದೆ. ಒಂದ್ಸಲ ಕೇಳಿದೆ, ಯಾಕೆ ತಿನ್ನಲ್ಲ ಅಂತ. ನಮ್ಮನೇಲಿ ಯಾರೂ ಮಾಡಲ್ಲ ಅಂತ ನೀನಂದೆ.” ಅವನು ತಲೆ ತಗ್ಗಿಸಿದ. “ಮಾಡಿ ಕೊಡೋರು ಯಾರೂ ಇಲ್ಲ ಅಂತ ತಿಳ್ಕೊಂಡೆ. ನಾನೇ ಮಾಡಿ ಕೊಡೋಣ ಅಂತ.”

ನಾನು ಮತ್ತೆ ಕೂತೆ. ಆದರೂ ಎದೆಯ ಗಂಟು ಬಿಚ್ಚಿರಲಿಲ್ಲ. ಕಡುಬು ತಪ್ಪಾಗಿರಬಹುದು, ಬ್ಯಾಗು ತಪ್ಪಲ್ಲವಲ್ಲ.

“ನಾಳೆ ಟ್ರೈನು ನಿಜ ತಾನೇ?”

“ನಿಜ.”

“ಹಂಗಾದ್ರೆ ಅಪ್ಪಂಗೂ ನಿಂಗೂ ಏನು ವ್ಯತ್ಯಾಸ? ಅವನಿಗೆ ಅಮ್ಮ ಮಾಡಿದ್ಲು. ನಿನ್ನ ಕಡುಬು ನೀನೇ ಮಾಡ್ಕೊಂಡೆ.”

“ಪೂರ್ತಿ ಕೇಳು. ಆಮೇಲೆ ಬೈ.” ಅವನು ಇನ್ನೂ ನನ್ನ ಕೈ ಮುಟ್ಟಿರಲಿಲ್ಲ, ಬೆರಳುಗಳು ಮಾತ್ರ ಟೇಬಲ್ಲಿನ ಮೇಲೆ ನನ್ನ ಬೆರಳುಗಳ ಹತ್ತಿರ ಬಂದು ನಿಂತಿದ್ದವು. “ಕಂಪನಿಯೋರು ಮುಂದಿನ ಊರಿಗೆ ಹೋಗು ಅಂದ್ರು. ಆಗಲ್ಲ ಅಂದೆ. ಈ ಕಟ್ಟಡದ ಲಿಫ್ಟುಗಳನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕಿತ್ತು, ಒಪ್ಕೊಂಡೆ. ಹಳೇ ರೂಮು ಇವತ್ತು ಖಾಲಿ ಮಾಡ್ದೆ, ಅದಕ್ಕೇ ಈ ಬ್ಯಾಗು. ಇನ್ನು ನನ್ನ ಊರು ಇದೇ. ಇದನ್ನ ಅಮ್ಮಂಗೆ ಫೋನಲ್ಲಿ ಹೇಳೋಕಾಗಲ್ಲ. ಅವಳು ನಾನು ವಾಪಸ್ ಬರ್ತೀನಿ ಅಂತ ಕಾಯ್ತಿದಾಳೆ. ಎದುರಿಗೆ ಕೂತು ಹೇಳ್ಬೇಕು. ಯಾಕೆ ಇಲ್ಲೇ ಉಳೀತೀಯ ಅಂತ ಕೇಳ್ತಾಳೆ.” ಅವನು ಉಸಿರು ಎಳೆದುಕೊಂಡ. “ಕೇಳಿದ್ರೆ ತೋರಿಸೋಕೆ ನೀನು ಪಕ್ಕದಲ್ಲಿರ್ಬೇಕು.”

ಜೇಬಿನಿಂದ ಫೋನು ತೆಗೆದು ನನ್ನ ಮುಂದಿಟ್ಟ. ಟಿಕೆಟ್ ಬುಕ್ ಮಾಡುವ ಆ್ಯಪ್ ತೆರೆದಿತ್ತು.

“ನನ್ನ ಪಕ್ಕದ ಸೀಟು ಖಾಲಿ ಇದೆ. ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಕೂತಿದೀನಿ, ಯಾರಾದ್ರೂ ತಗೊಂಡ್ಬಿಡ್ತಾರೇನೋ ಅಂತ. ನಿನ್ನ ಐಡಿ ನಂಬರ್ ಇಲ್ದೆ ಬುಕ್ ಆಗಲ್ಲ. ಅದನ್ನ ಕೇಳೋಕೇ ಕರೆದಿದ್ದು. ಕೊಡ್ತೀಯಾ?”

ನಮ್ಮ ದೇಶದಲ್ಲಿ ಹುಡುಗರು ಹುಡುಗಿಯರಿಗೆ ಹೂ ಕೊಟ್ಟು ಕೇಳುತ್ತಾರೆ, ಉಂಗುರ ಕೊಟ್ಟು ಕೇಳುತ್ತಾರೆ. ಇವನು ಐಡಿ ನಂಬರ್ ಕೇಳುತ್ತಿದ್ದ. ಅವನ ಮುಖ ನೋಡಿದರೆ ಇಲ್ಲ ಎಂದರೆ ಕೂತಲ್ಲೇ ಕುಸಿದು ಹೋಗುವ ಹಾಗಿತ್ತು.

ನಾನು ತಕ್ಷಣ ಹೂಂ ಅನ್ನಲಿಲ್ಲ. ಅನ್ನಲು ಆಗಲಿಲ್ಲ. ಉಳಿಯುವುದು ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿಲ್ಲುವುದು, ಕಾಯುವುದು, ಕಾದದ್ದನ್ನು ಯಾರಿಗೂ ತೋರಿಸದಿರುವುದು, ಎಲ್ಲ ಗೊತ್ತಿತ್ತು. ಹೋಗುವವಳಾಗುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಆ ಊರಿನ ಆ ಅಮ್ಮ ನನ್ನನ್ನು ನೋಡಿ ಮುಖ ತಿರುಗಿಸಿದರೆ? ಮಗನನ್ನು ಕಿತ್ತುಕೊಂಡವಳು ಅಂದರೆ? ದಕ್ಷಿಣಕ್ಕೆ ಹೋದ ಮೇಲೆ ಇವನಿಗೇ ಮನಸ್ಸು ತಿರುಗಿದರೆ?

ತಾತ ಚಾಪ್‌ಸ್ಟಿಕ್ ಕೆಳಗಿಟ್ಟ. “ಬೇಗ ಹೇಳಮ್ಮ. ಸೀಟು ಹೋಗುತ್ತೆ.”

“ನೀವು ಸುಮ್ನಿರಿ ತಾತ,” ಅಂದೆ. ಆಮೇಲೆ ಬೋವೆನ್‌ಗೆ ಹೇಳಿದೆ. “ಆಗ್ಲೇ ನಾನೇ ಬಿಟ್ಟೆ ಅಂದೆನಲ್ಲ, ಅದು ಸುಳ್ಳು. ನಿನ್ನ ಬಿಟ್ಟಿರೋಕೆ ನಂಗಾಗಲ್ಲ. ಮಧ್ಯಾಹ್ನದಿಂದ ಸತ್ತು ಬದುಕಿದೀನಿ. ಇನ್ನೊಂದ್ಸಲ ಮಾತಾಡ್ಬೇಕು ಅಂತ ಮೆಸೇಜ್ ಕಳಿಸಿದ್ರೆ, ಏನು ಮಾತು ಅಂತ ಅದರಲ್ಲೇ ಬರಿ.”

“ಬರೀತೀನಿ,” ಅಂದ. ಅವನ ಕಣ್ಣು ತುಂಬಿತ್ತು. “ಉದ್ದಕ್ಕೆ ಬರೀತೀನಿ.”

ನಂಬರನ್ನು ಜೋರಾಗಿ ಹೇಳಹೊರಟೆ. ತಾತ ತಡೆದ. ಇಷ್ಟು ಜನರ ಮಧ್ಯೆ ಹಾಗೆಲ್ಲ ಹೇಳಬಾರದಂತೆ, ಕಾಲ ಕೆಟ್ಟಿದೆಯಂತೆ. ಹಾಗಾಗಿ ಬಗ್ಗಿ ಬೋವೆನ್‌ನ ಕಿವಿಯಲ್ಲಿ ಒಂದೊಂದೇ ಅಂಕಿ ಹೇಳಿದೆ. ಹೇಳುತ್ತ ಆ ಕಿವಿಯ ಹಿಂದಿನ ಹಿಟ್ಟನ್ನು ಬೆರಳಿನಿಂದ ಒರೆಸಿದೆ. ಅವನು ಎರಡು ಸಲ ತಪ್ಪು ಒತ್ತಿದ. ಮೂರನೆಯ ಸಲ ಸರಿಯಾಯಿತು.

ದೊಡ್ಡಮ್ಮ ನಾನು ತಳ್ಳಿದ್ದ ತಟ್ಟೆಯನ್ನು ಎತ್ತಿ ಮತ್ತೆ ನನ್ನ ಮುಂದಿಟ್ಟಳು. “ತಿನ್ನು. ಇವತ್ತು ನೀನೂ ಹೋಗೋಳೇ.”

ಒಡೆದ ಕಡುಬೊಂದನ್ನು ವಿನೆಗರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡೆ. ಬೋವೆನ್ ಉಸಿರು ಬಿಗಿಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದ.

“ಉಪ್ಪು ಜಾಸ್ತಿ,” ಅಂದೆ.

“ಬಿಡು ಹಾಗಾದ್ರೆ, ಫ್ರೈಡ್ ರೈಸ್ ಹೇಳ್ತೀನಿ.”

“ಮುಟ್ಟಿದ್ರೆ ಕೈ ಮುರೀತೀನಿ.” ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ.

ತಟ್ಟೆ ಅರ್ಧ ಖಾಲಿಯಾದ ಮೇಲೆ ಅಮ್ಮನಿಗೆ ಫೋನು ಮಾಡಿದೆ. ಬೋವೆನ್ ಬಗ್ಗೆ ಅಮ್ಮನಿಗೆ ಗೊತ್ತಿತ್ತು, ದಕ್ಷಿಣದವನು ಎಂದ ದಿನ ಅವಳು ಎದ್ದು ಒಳಗೆ ಹೋಗಿದ್ದಳು.

“ಅಮ್ಮಾ, ನಾಳೆ ಬೆಳಿಗ್ಗೆ ಯಾಂಗ್‌ಝೌಗೆ ಹೋಗ್ತಿದೀನಿ. ಬೋವೆನ್ ಜೊತೆ. ಅವರಮ್ಮನ್ನ ನೋಡೋಕೆ.”

ಆ ಕಡೆ ಟಿವಿಯ ಸದ್ದು ಕೇಳುತ್ತಿತ್ತು. ಅದು ನಿಂತಿತು. ನಾನು ಟೇಬಲ್ಲಿನ ಕೆಳಗೆ ಬೋವೆನ್‌ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದೆ.

“ಕಡುಬು ತಿಂದ್ಯಾ?” ಅಂದಳು ಅಮ್ಮ.

“ತಿಂದೆ ಅಮ್ಮ.”

“ಅವನು?”

“ಅವನೂ ತಿಂದ. ಅವನೇ ಮಾಡಿದ್ದು.”

ಅಮ್ಮ ಮೂಗು ಏರಿಸಿದ ಸದ್ದು ಕೇಳಿಸಿತು.

“ವಾಪಸ್ ಬರೋ ದಿನ ಮೊದಲೇ ಫೋನ್ ಮಾಡು,” ಅಂದಳು. “ನೂಡಲ್ಸ್‌ಗೆ ಹಿಟ್ಟು ನಾದಿಡ್ತೀನಿ. ಇಬ್ಬರಿಗೂ.”